ಗೋದಾಮಿನ ಬಾಗಿಲಲ್ಲಿ ಕಂಡ ಚೀಲದ ಇತಿಹಾಸ

ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದ ನಾವು ದೊಡ್ಡ ಇತಿಹಾಸ ಬರೆಯಲಾರೆವು. ನಿರ್ದೇಶಕರಾಗಿ ಗೋದಾಮಿನ ಬಾಗಿಲಲ್ಲಿ ನಿಂತು ಕಂಡ ಚೀಲದ ಕಥೆಯನ್ನೇ ಸದಸ್ಯ ಬಾಂಧವರ ಮುಂದೆ ಇಡುತ್ತೇವೆ.

ನಮ್ಮ ಅಜ್ಜಂದಿರ ಕಾಲದಲ್ಲಿ ರಾಗಿಗೆ ಚೀಲದ ಅಗತ್ಯವೇ ಕಡಿಮೆ. ಕಣದಿಂದ ಹಗೇವಿಗೆ ಇಳಿಯುತ್ತಿತ್ತು, ಮನೆ ಖರ್ಚಿನದು ಮಣ್ಣಿನ ವಾಡೆಗೆ. ಬೇಲಿಯ ಕತ್ತಾಳೆಯನ್ನು ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿನ ನಾರೇ ಆಗುತ್ತಿತ್ತು. ಹಿಂದಿನದೆಲ್ಲ ಬಂಗಾರ ಅಂತ ನಾವು ಹೇಳೋದಿಲ್ಲ. ಆ ಕೊಳೆತ ಕತ್ತಾಳೆಯ ನಾತ, ಕೈ ಕೆರೆತ ಅನುಭವಿಸಿದವರಿಗೇ ಗೊತ್ತು.

ಗೋಣಿಯೂ ಒಂದು ಕಾಲಕ್ಕೆ ನಮ್ಮ ಸೀಮೆಯದೇ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಸಾಹೇಬ ಗೋಣಿ ನೇಯುವವರ ಬಗ್ಗೆ ಬರೆದಿದ್ದಾನೆ. ಇಂಗ್ಲಿಷಿನ ಗನ್ನಿ ಎಂಬ ಮಾತು ನಮ್ಮ ಗೋಣಿಯ ನೆಂಟನೇ. ಆಮೇಲೆ ಬಂಗಾಳದ ಸೆಣಬಿನ ಗೋಣಿ ಬಂತು. ನಾವು ಹುಡುಗರಾಗಿದ್ದಾಗ ಒಂದು ಗೋಣಿಗೆ ಎಷ್ಟು ಜನ್ಮ! ಮೊದಲು ಭತ್ತ ರಾಗಿಗೆ, ತೂತಾದರೆ ತೇಪೆ ಹಾಕಿ ಆಲೂಗೆಡ್ಡೆಗೆ, ಮಳೆ ಬಂದರೆ ಮೂಲೆ ಮಡಚಿ ತಲೆಗೆ ಕೊಪ್ಪೆ, ಚಳಿಯಲ್ಲಿ ಕರುವಿನ ಬೆನ್ನಿಗೆ ಹೊದಿಕೆ, ಕೊನೆಗೆ ಬಾಗಿಲ ಮುಂದೆ ಕಾಲೊರಸು. ಅಲ್ಲೂ ಚಿಂದಿಯಾದರೆ ತಿಪ್ಪೆಗೆ. ಮುಂದಿನ ಮುಂಗಾರಿಗೆ ಅದು ಗೊಬ್ಬರವಾಗಿ ಹೊಲಕ್ಕೇ ಹೋಗುತ್ತಿತ್ತು.

ಪ್ಲಾಸ್ಟಿಕ್ ಚೀಲ ನಮ್ಮೂರಿಗೆ ಬಂದದ್ದು ರಸಗೊಬ್ಬರದ ಜೊತೆ. ಸೆಣಬಿನ ಚೀಲವನ್ನೇ ಬಳಸಬೇಕೆಂದು ಕೇಂದ್ರ ಸರ್ಕಾರ 1987ರಲ್ಲಿ ಕಾಯಿದೆ ಮಾಡಿತು. ಮೊದಲು ಗೊಬ್ಬರವೂ ಅದರ ವ್ಯಾಪ್ತಿಯಲ್ಲಿತ್ತು, ಆಮೇಲೆ ಕೈಬಿಟ್ಟು ಆಹಾರಧಾನ್ಯ, ಸಕ್ಕರೆಗೆ ಉಳಿಸಿಕೊಂಡರು. ಪ್ಲಾಸ್ಟಿಕ್ ಅಗ್ಗ, ಗೊಬ್ಬರಕ್ಕೆ ತೇವ ಹಿಡಿಯೋದಿಲ್ಲ, ಅದು ನಿಜವೇ. 2015ರಲ್ಲಿ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಬಂತು, 2018ರಲ್ಲಿ ಚೀಲ 50 ಕೆಜಿಯಿಂದ 45ಕ್ಕೆ ಇಳಿಯಿತು. ಒಳಗಿನದು ಕಡಿಮೆಯಾಯಿತು, ಹೊರಗಿನ ಚೀಲ ಮಾತ್ರ ಹಾಗೇ ಉಳೀತು!

ಖಾಲಿ ಚೀಲ ಪುಕ್ಕಟೆ ಸಿಗುತ್ತದೆಂದು ನಾವೂ ಎಲ್ಲದಕ್ಕೂ ಅದನ್ನೇ ಬಳಸಿದೆವು. ಆಲೂಗೆಡ್ಡೆ ತುಂಬಿಟ್ಟರೆ ಬೆವೆತು ಕೊಳೆಯಿತು. ಬಿಸಿಲಿಗೆ ಪುಡಿಯಾದ ಎಳೆ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ ಹೋಯಿತು. ನಮ್ಮ ಮನೆಯ ಒಂದು ಹಸು ಮೇವು ಬಿಟ್ಟು, ಹೊಟ್ಟೆ ಉಬ್ಬಿ, ಮೂರು ದಿನ ನರಳಿ ಸತ್ತಿತು. ಹೊಟ್ಟೆ ಕೊಯ್ದಾಗ ಪ್ಲಾಸ್ಟಿಕ್ ಹಾಳೆ, ಹಗ್ಗದ ಉಂಡೆ ಸಿಕ್ಕಿತು. ಆ ಹಗ್ಗ ಕಟ್ಟಿದ್ದು ನಾವೇ, ಬಿಚ್ಚಿ ಬಿಸಾಕಿದ್ದೂ ನಾವೇ. ಮನೆಯವರು ಎರಡು ದಿನ ಒಲೆ ಹಚ್ಚಲಿಲ್ಲ.

ಒಂದು ವಿಚಿತ್ರ ನೋಡಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಮಾರುಕಟ್ಟೆಗೆ ಹೊಗೆಸೊಪ್ಪು ಒಯ್ಯುವ ರೈತನಿಗೆ, ಬೇಲಿನಲ್ಲಿ ಪ್ಲಾಸ್ಟಿಕ್ ಎಳೆ ಇರಕೂಡದು ಎಂದು ತಂಬಾಕು ಮಂಡಳಿ ಹೇಳುತ್ತದೆ. ಸೇದಿ ಉಗುಳುವ ಸೊಪ್ಪಿಗೆ ಇರುವ ಮಡಿ ಉಣ್ಣುವ ಅನ್ನಕ್ಕೆ, ಹಸುವಿನ ಮೇವಿಗೆ ಯಾಕಿಲ್ಲ?

ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಕುವ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ ಬಂತು. ಆದರೂ ಹಾಸನ, ಹೊಳೆನರಸೀಪುರದ ಸಂತೆಯಿಂದ ಬರಿಗೈಲಿ ಹೋದವರು ನಾಲ್ಕು ಕವರು ಹಿಡಿದೇ ಬರುತ್ತಾರೆ. ನಮ್ಮ ಸಂಘದ ವಾರ್ಷಿಕ ಸಭೆಯ ಊಟವೂ ಪ್ಲಾಸ್ಟಿಕ್ ತಟ್ಟೆಯಲ್ಲೇ ನಡೆದದ್ದುಂಟು, ನಾಚಿಕೆ ಬಿಟ್ಟು ಹೇಳುತ್ತೇವೆ.

ಕಳೆದ ಸಭೆಯಲ್ಲಿ ಈ ಮಾತೆತ್ತಿದಾಗ "ಗೋಣಿಗೆ ದುಡ್ಡು ಯಾರು ಕೊಡ್ತಾರೆ ಸ್ವಾಮಿ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಹಳ ಹೊತ್ತು ಜಗಳಾಡಿ ಇಷ್ಟು ಒಪ್ಪಿಕೊಂಡೆವು: ಸಂಘ ಒಂದಿಷ್ಟು ಗೋಣಿ ಕೊಂಡಿಟ್ಟು ಸುಗ್ಗಿಗೆ ಸದಸ್ಯರಿಗೆ ಎರವಲು ಕೊಡುವುದು, ಹರಿದು ತಂದವರು ತೇಪೆ ಹಾಕಿಸಿಕೊಡುವುದು. ಗೊಬ್ಬರದ ಖಾಲಿ ಚೀಲ ಗೋದಾಮಿಗೆ ವಾಪಸ್ಸು ತಂದರೆ ಒಟ್ಟುಮಾಡಿ ಗುಜರಿಗೆ ಹಾಕುವುದು. ಬೆಳ್ಳಿಹಬ್ಬದ ಊಟಕ್ಕೆ ಮಾತ್ರ ಬಾಳೆಲೆ, ಸದಸ್ಯರ ತೋಟದ್ದೇ. ಎಲೆ ಕೊಡುವವರು ಹಿಂದಿನ ದಿನ ಸಂಜೆಯೊಳಗೆ ಹೆಸರು ಬರೆಸಬೇಕಾಗಿ ಕೋರುತ್ತೇವೆ.