ಇಲಿ ಬೇಡದ ಕಾಡುಬೆಕ್ಕು



ಕಳೆದ ದಸರಾ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪ್ರೌಢಶಾಲೆ ಮುಗಿಸಿದ ಮೇಲೆ ಅವನ ದೃಷ್ಟಿ ಕ್ರಮೇಣ ಹೋಯಿತು. ಲ್ಯಾಪ್‌ಟಾಪ್ ತೆರೆದು, ಮೌಸ್ ಮುಟ್ಟದೆ, ಬಾಣದ ಗುರುತಿನ ಕೀಲಿಗಳನ್ನಷ್ಟೇ ಒತ್ತುತ್ತ ಇಂಗ್ಲಿಷ್ ಪತ್ರಿಕೆಯ ಪುಟವೊಂದನ್ನು ಗಣಕದ ದನಿಯಲ್ಲಿ ಓದಿಸಿದ. ತೆರೆಯ ಮೇಲೆ ಚಿತ್ರವಿಲ್ಲ, ಜಾಹೀರಾತಿಲ್ಲ, ಬರಿಯ ಅಕ್ಷರ. "ಇದು ಯಾವುದಪ್ಪಾ?" ಎಂದೆ. "ಲಿಂಕ್ಸ್ ಅಂತ ಸಾರ್, ನಾನು ಹುಟ್ಟುವ ಮೊದಲೇ ಹುಟ್ಟಿದ್ದು" ಎಂದ.

ಇತಿಹಾಸದ ಮೇಷ್ಟ್ರಿಗೆ ಅಷ್ಟು ಸಾಲದೇ? ಹುಡುಕುತ್ತ ಹೋದೆ.

ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದ ಮೊದಲ ಬ್ರೌಸರ್ ನೆಕ್ಸ್ಟ್ ಎಂಬ ದುಬಾರಿ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಉಳಿದ ಯಂತ್ರಗಳಿಗೂ ಒದಗುವಂಥದನ್ನು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಬರೆದವರು ನಿಕೋಲಾ ಪೆಲೊ ಎಂಬ ಗಣಿತದ ವಿದ್ಯಾರ್ಥಿನಿ. 1991ರ ಆ ಬ್ರೌಸರಿನಲ್ಲಿ ಪ್ರತಿ ಕೊಂಡಿಗೂ ಒಂದು ಸಂಖ್ಯೆ; ಆ ಸಂಖ್ಯೆಯನ್ನು ಒತ್ತಿದರೆ ಮುಂದಿನ ಪುಟ.

1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಲೂ ಮಾಂಟುಲಿ, ಮೈಕೆಲ್ ಗ್ರೋಬ್, ಚಾರ್ಲ್ಸ್ ರೆಜಾಕ್ ಎಂಬ ಮೂವರು ಕ್ಯಾಂಪಸ್ಸಿನ ಮಾಹಿತಿಗಾಗಿ ಲಿಂಕ್ಸ್ ಕಟ್ಟಿದರು. ಮರುವರ್ಷ ಅದು ವೆಬ್ಬಿಗೂ ಒಗ್ಗಿತು. ಲಿಂಕ್ಸ್ ಎಂದರೆ ಕಾಡುಬೆಕ್ಕಿನ ಒಂದು ಜಾತಿ. ಕೊಂಡಿ ಎಂಬರ್ಥದ ಇಂಗ್ಲಿಷ್ ಪದದ ಮೇಲಿನ ಶ್ಲೇಷೆಯೂ ಹೌದು. ಬೆಕ್ಕೇನೋ ಸರಿ, ಆದರೆ ಇದಕ್ಕೆ ಇಲಿಯೇ ಬೇಡ! ಮೇಲೆ-ಕೆಳಗಿನ ಬಾಣಗಳು ಕೊಂಡಿಯಿಂದ ಕೊಂಡಿಗೆ ಒಯ್ಯುತ್ತವೆ. ಬಲಬಾಣ ಒತ್ತಿದರೆ ಪುಟ ತೆರೆಯುತ್ತದೆ, ಎಡಬಾಣ ಹಿಂದಕ್ಕೆ ಕರೆತರುತ್ತದೆ. ಸ್ಪೇಸ್ ಒತ್ತಿದರೆ ಪುಟ ಸರಿಯುತ್ತದೆ.

1993ರಲ್ಲಿ ಇಲಿನಾಯ್‌ನಿಂದ ಬಂದ ಮೊಸಾಯಿಕ್ ಅಕ್ಷರಗಳ ನಡುವೆಯೇ ಚಿತ್ರಗಳನ್ನು ತೋರಿಸಿತು. ಜನ ಅತ್ತ ಹೋದರು. ಮಾಂಟುಲಿಯವರೂ 1994ರಲ್ಲಿ ನೆಟ್‌ಸ್ಕೇಪ್ ಸೇರಿದರು. ಇಂದು ಪ್ರತಿ ತಾಣವೂ ಒಪ್ಪಿಗೆ ಕೇಳುವ 'ಕುಕಿ' ಅವರದೇ ಸೃಷ್ಟಿ. ಇಷ್ಟು ಸರಳವಾದುದನ್ನು ಕಟ್ಟಿದ ಕೈಯೇ ಆ ಉಪದ್ರವವನ್ನೂ ತಂದಿತೆಂಬುದು ನನಗೆ ಸೋಜಿಗ.

ನಮ್ಮ ದೇಶದಲ್ಲಿ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ವಿದ್ಯಾರ್ಥಿಗಳಿಗೆ ಅಗ್ಗದಲ್ಲಿ ಸಿಗುತ್ತಿದ್ದ 'ಶೆಲ್' ಖಾತೆಯಲ್ಲಿ ಬರಿಯ ಅಕ್ಷರಗಳಷ್ಟೇ ಕಾಣುತ್ತಿದ್ದವು. ನಿಮ್ಮಲ್ಲಿ ಕೆಲವರು ಫೋನ್ ಲೈನಿನ ಕಿರುಚಾಟ ಮುಗಿಯುವವರೆಗೆ ಕಾದು, ಲಿಂಕ್ಸ್‌ನಲ್ಲೇ ಮೊದಲು ಜಗತ್ತನ್ನು ಕಂಡಿರಬಹುದು. ಆ ತೆರೆಯಲ್ಲಿ ಕನ್ನಡ ಲಿಪಿ ಮೂಡದು. ಕನ್ನಡದ ಮಾತನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಿತ್ತು.

ಲಿಂಕ್ಸ್ ಇಂದಿಗೂ ಬದುಕಿದೆ, ಸ್ವಯಂಸೇವಕರ ದುಡಿಮೆಯಿಂದ. ಅಕ್ಷರ ಮಾತ್ರ ಇರುವುದರಿಂದ ಓದಿಹೇಳುವ ತಂತ್ರಾಂಶಕ್ಕೆ ಅದು ಅನುಕೂಲ. ಚಿತ್ರಕ್ಕೆ ಬದಲಾಗಿ ಒಂದು ಸಾಲು ವಿವರಣೆ ಬರೆಯುವ ಅವಕಾಶ ವೆಬ್ಬಿನಲ್ಲಿ ಉಂಟು. ಬರೆಯುವವರು ಬರೆಯಬೇಕಷ್ಟೆ.

ಹೊರಡುವ ಮುನ್ನ ಹುಡುಗ ಒಂದು ಕಚೇರಿಯ ಅರ್ಜಿ ತುಂಬಲು ಕುಳಿತ. ಅಲ್ಲಿನ ಗುಂಡಿಗಳೆಲ್ಲ ಬರಿಯ ಚಿತ್ರಗಳು. ಗಣಕ ಏನನ್ನೂ ಓದಲಿಲ್ಲ. ಕೊನೆಗೆ ಬೇರೆ ಬ್ರೌಸರಿನಲ್ಲಿ ಪುಟ ತೆರೆದು, "ಸಾರ್, ನೀವೇ ಒತ್ತಿಬಿಡಿ" ಎಂದು ತನ್ನ ಪಾಸ್‌ವರ್ಡನ್ನು ಗಟ್ಟಿಯಾಗಿ ಹೇಳಿದ. ನಾನು ಒತ್ತಿದೆ.