ಇಂದೋರಿನ ಬೆಳಕಿಗೆ ತಿಪಟೂರಿನವರ ಹೆಸರು

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಹುಲಿಯೂರುದುರ್ಗದ ಶಾಲೆಯೊಂದರ ಕಾರ್ಯಕ್ರಮಕ್ಕೆ ವರದಿಗೆಂದು ಹೋಗಿದ್ದೆವು. ಮೇಷ್ಟ್ರು ರಸಪ್ರಶ್ನೆ ನಡೆಸುತ್ತಿದ್ದರು. "ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ದೊಡ್ಡ ವಿಜ್ಞಾನಿ ಯಾರು?" ಹಿಂದಿನ ಬೆಂಚಿನಿಂದ ಉತ್ತರ ಬಂತು: "ರಾಜಾ ರಾಮಣ್ಣ." "ಏನು ಮಾಡಿದರು?" ಇಡೀ ತರಗತಿ ಒಟ್ಟಿಗೆ ಕೂಗಿತು: "ಬಾಂಬು!"

ನಮಗೆ ಸುಮ್ಮನಿರಲು ಆಗಲಿಲ್ಲ. ಇಂದೋರಿನಲ್ಲಿ ಅವರ ಹೆಸರಿನದೊಂದು ಸಂಸ್ಥೆ ಇದೆ, ಅಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿ ಬೆಳಕು ಮಾಡುತ್ತಾರೆ ಎಂದೆವು. ಎಂಟನೇ ತರಗತಿಯ ಹುಡುಗಿ ಎದ್ದು ನಿಂತು, "ಆ ಬೆಳಕು ಕಣ್ಣಿಗೆ ಕಾಣುತ್ತಾ ಸಾರ್?" ಎಂದಳು. ನಮಗೆ ಗೊತ್ತಿರಲಿಲ್ಲ. ರಾತ್ರಿ ಕಳಿಸಿದ ವರದಿಯಲ್ಲಿ ಬೆಳಕಿನ ವಿಷಯ ಎರಡು ಪ್ಯಾರಾ ಬರೆದಿದ್ದೆವು. ಬೆಳಿಗ್ಗೆ ಅಚ್ಚಾಗಿದ್ದು ನಾಲ್ಕು ಸಾಲು, ಅದರಲ್ಲಿ ಉಳಿದಿದ್ದು ಬಾಂಬು ಮಾತ್ರ. ಆ ಎರಡು ಪ್ಯಾರಾದ ಸಾಲ ತೀರಿಸಲು ಈ ಬರಹ.

ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ತಿಪಟೂರಿನಲ್ಲಿ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮುಗಿಸಿ ಬಂದು ಹೋಮಿ ಭಾಭಾ ಅವರ ಬಳಗ ಸೇರಿದರು. ಪಿಯಾನೋ ನುಡಿಸುತ್ತಿದ್ದರು, ಸಂಗೀತದ ಮೇಲೆ ಪುಸ್ತಕವನ್ನೂ ಬರೆದರು. 1974ರ ಮೇ 18ರಂದು ಪೋಖ್ರಾನಿನಲ್ಲಿ ಅಣುಸ್ಫೋಟ ನಡೆದಾಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರು ಅವರೇ. ಮಕ್ಕಳು ಕೂಗಿದ್ದು ಸುಳ್ಳಲ್ಲ.

ಆ ಸ್ಫೋಟದ ಮರುದಿನದಿಂದಲೇ ಹೊರದೇಶದ ಬಾಗಿಲುಗಳು ಮುಚ್ಚತೊಡಗಿದವು. ಕೆನಡಾ ಅಣುಸಹಕಾರ ನಿಲ್ಲಿಸಿತು. ಪರಮಾಣು ಸಾಮಗ್ರಿ ಮಾರುವ ದೇಶಗಳು ಕೂಡಿ ತಮ್ಮದೇ ಒಂದು ಗುಂಪು ಕಟ್ಟಿಕೊಂಡವು. ಯಂತ್ರ, ಬಿಡಿಭಾಗ, ಮಾಹಿತಿ ಎಲ್ಲಕ್ಕೂ ನೂರೆಂಟು ಪ್ರಶ್ನೆ. ಹತ್ತು ವರ್ಷದ ನಂತರ, 1984ರ ಫೆಬ್ರವರಿ 19ರಂದು, ಇಂದೋರಿನಲ್ಲಿ 'ಸೆಂಟರ್ ಫಾರ್ ಅಡ್ವಾನ್ಸ್ಡ್ ಟೆಕ್ನಾಲಜಿ'ಗೆ ರಾಷ್ಟ್ರಪತಿ ಜೈಲ್ ಸಿಂಗ್ ಅಡಿಗಲ್ಲು ಹಾಕಿದರು. ಕೆಲಸ ಎರಡು: ಲೇಸರ್ ಮತ್ತು ಕಣ ವೇಗವರ್ಧಕ. ಆಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು ಯಾರು? ರಾಮಣ್ಣನವರೇ. ಯಾರ ಕೈಯಿಂದ ಬಾಗಿಲು ಮುಚ್ಚಿತೋ ಅವರ ಕಾಲದಲ್ಲೇ, ಲೋಕದ ಜೊತೆ ಕೂಡಿ ಮಾಡಬೇಕಾದಂಥ ವಿಜ್ಞಾನಕ್ಕೆ ಇಲ್ಲಿ ಅಡಿಗಲ್ಲು ಬಿತ್ತು.

ಬೆಳಕು ಹೇಗೆ ಹುಟ್ಟುತ್ತದೆ? ಮಳೆಗಾಲದಲ್ಲಿ ಬೈಕಿನ ಚಕ್ರ ಕೆಸರಲ್ಲಿ ತಿರುಗಿದರೆ ಕೆಸರು ನೇರ ಸಿಡಿಯುತ್ತದಲ್ಲ, ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದೆ ಕೂತವರ ಅಂಗಿಗೆ? ಬೆಳಕಿನ ವೇಗದ ಸಮೀಪ ಓಡುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತದಿಂದ ಬಾಗಿಸಿದಾಗ, ತಿರುವಿನಲ್ಲಿ ಅವು ತಮ್ಮ ಶಕ್ತಿಯಲ್ಲೊಂದು ಪಾಲನ್ನು ಹಾಗೇ ಮುಂದಕ್ಕೆ ಎಸೆಯುತ್ತವೆ. ಎಸೆದಿದ್ದೇ ಸಿಂಕ್ರೊಟ್ರಾನ್ ಬೆಳಕು. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ದಿಕ್ಕು ತಿಳಿಯುತ್ತದೆ. ಉಂಗುರದಾಕಾರದ ನಿರ್ವಾತ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಗಂಟೆಗಟ್ಟಲೆ ಸುತ್ತುತ್ತವೆ. ಸುತ್ತಲೂ ಬೀಮ್‌ಲೈನ್ ಎಂಬ ಕವಲುಗಳು, ಒಂದೊಂದರ ತುದಿಯಲ್ಲಿ ಒಂದೊಂದು ಪ್ರಯೋಗ. ಔಷಧ, ಲೋಹ, ಮಣ್ಣು, ಪ್ರೋಟೀನ್ ಯಾವುದರ ಒಳರಚನೆಯನ್ನಾದರೂ ಈ ಎಕ್ಸ್‌ರೇಯಲ್ಲಿ ನೋಡಬಹುದು. ವೆಂಕಿ ರಾಮಕೃಷ್ಣನ್ ಅವರಿಗೆ 2009ರಲ್ಲಿ ನೊಬೆಲ್ ತಂದ ರೈಬೋಸೋಮ್ ರಚನೆ ಬಿಡಿಸಿದ್ದೂ ಇಂಥ ಬೆಳಕಿನಲ್ಲೇ.

ಇಂದೋರಿನವರು ಮೊದಲು ಚಿಕ್ಕದು ಕಟ್ಟಿದರು. ಇಂಡಸ್-1ರ ಸುತ್ತಳತೆ ಸುಮಾರು 19 ಮೀಟರ್, ನಮ್ಮೂರ ಕಣದಷ್ಟು. 1999ರಲ್ಲಿ ಅದರಲ್ಲಿ ಬೆಳಕು ಬಂತು. ಭಾರತದ ಮೊದಲ ಸಿಂಕ್ರೊಟ್ರಾನ್ ಬೆಳಕಿನ ಮೂಲ ಅದೇ. ಆಮೇಲೆ ಇಂಡಸ್-2: ಸುತ್ತಳತೆ 172 ಮೀಟರಿಗಿಂತ ತುಸು ಹೆಚ್ಚು, ಶಕ್ತಿ 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್. ಸಂಸ್ಥಾಪಕ ನಿರ್ದೇಶಕ ಡಿ.ಡಿ. ಭವಾಲ್ಕರ್ ಮತ್ತು ಅವರ ಜನ ಹೆಚ್ಚಿನದೆಲ್ಲ ಇಲ್ಲೇ ಮಾಡಿಸಿದರು. ಎಲೆಕ್ಟ್ರಾನುಗಳು ಕಳೆದುಕೊಂಡ ಶಕ್ತಿಯನ್ನು ಸುತ್ತುಸುತ್ತಿಗೂ ತುಂಬಿಕೊಡುವ ಆರ್‌ಎಫ್ ಕ್ಯಾವಿಟಿಗಳು ಮಾತ್ರ ಇಟಲಿಯ ಟ್ರಿಯೆಸ್ಟೆಯಿಂದ ಬಂದವು. ಅವಕ್ಕೆ ವಿದ್ಯುತ್ ಅಲೆ ಊಡುವ ಕ್ಲೈಸ್ಟ್ರಾನ್ ಎಂಬ ದುಬಾರಿ ಕೊಳವೆಗಳ ಜಾಗಕ್ಕೆ ನಂತರ ಇಂದೋರಿನವರು ತಾವೇ ತಯಾರಿಸಿದ ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್ ಕೂರಿಸಿದರು. ಬಾಗಿಲು ಮುಚ್ಚಿದ ಮನೆಯಲ್ಲಿ ಇದ್ದುದರಲ್ಲೇ ಅಡುಗೆ ಮಾಡಿ ಕಲಿತವರ ಕೆಲಸ ಇದು.

ಆ ಕಲಿಕೆಗೆ ಹೊರಗೂ ಬೆಲೆ ಬಂತು. ಜಿನೀವಾದ ಸರ್ನ್ ತನ್ನ 27 ಕಿಲೋಮೀಟರ್ ಉಂಗುರ ಕಟ್ಟುವಾಗ ಇಂದೋರಿನ ಮೂಲಕ ಭಾರತದಿಂದ ಸಾಮಾನು ಪಡೆಯಿತು. ಅದು ಬೆಳಕಿನ ಯಂತ್ರವಲ್ಲ, ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ. ಆದರೂ ಹೇಳಲೇಬೇಕು: ಅದರ ಭಾರಿ ಅಯಸ್ಕಾಂತಗಳನ್ನು ಕೂದಲೆಳೆಯ ನಿಖರತೆಯಲ್ಲಿ ಎತ್ತಿ ಕೂರಿಸುವ 7,080 ಜ್ಯಾಕ್‌ಗಳು ಭಾರತದವು. ತಯಾರಾಗಿದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಮತ್ತು ಇಂದೋರಿನ ಇಂಡೋ-ಜರ್ಮನ್ ಟೂಲ್ ರೂಮ್‌ನಲ್ಲಿ. ಅತಿವಾಹಕ ತಿದ್ದುಪಡಿ ಅಯಸ್ಕಾಂತಗಳ ಕೆಲಸದಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇತ್ತು. ಬೆಂಗಳೂರಿನ ಕಾರ್ಖಾನೆಗಳಿಗೆ ನಮ್ಮ ಕುಣಿಗಲ್ ಕಡೆಯಿಂದ ದುಡಿಯಲು ಹೋದವರಿಗೆ ಲೆಕ್ಕವಿಲ್ಲ. ಅವರಲ್ಲಿ ಯಾರಾದರೂ ಈ ಜ್ಯಾಕಿಗೆ ಕೈ ಹಚ್ಚಿದ್ದರೆ ನಮಗೆ ತಿಳಿಸಿ. ಅಂಥವರ ಮಾತು ಬರೆದುಕೊಳ್ಳುವ ಆಸೆ ಇದೆ.

ಇಷ್ಟಾಗಿಯೂ ನಮ್ಮ ವಿಜ್ಞಾನಿಗಳು ಬೆಳಕಿಗಾಗಿ ವಿಮಾನ ಹತ್ತುವುದು ತಪ್ಪಿಲ್ಲ. ಹ್ಯಾಂಬರ್ಗಿನ ಪೆಟ್ರಾ-3 ಉಂಗುರ 2,304 ಮೀಟರ್, ಶಕ್ತಿ 6 ಗಿಗಾ ಎಲೆಕ್ಟ್ರಾನ್ ವೋಲ್ಟ್. ಇಂಡಸ್-2ರಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಹಾಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಗಿನ ಉಂಗುರಗಳಲ್ಲಿ ಪಾಲು ಹಾಕಿತು. ಹ್ಯಾಂಬರ್ಗಿನ ಪಾಲನ್ನು ನೋಡಿಕೊಳ್ಳುವುದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರ. ಜಪಾನಿನ ತ್ಸುಕುಬಾದಲ್ಲಿ ಭಾರತದ ಬೀಮ್‌ಲೈನ್ ಇದೆ, ಕೊಲ್ಕತ್ತದ ಸಾಹಾ ಸಂಸ್ಥೆ ಕಟ್ಟಿದ್ದು. ಟ್ರಿಯೆಸ್ಟೆಯ ಎಲೆಟ್ರಾದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಟಲಿಯವರ ಜೊತೆ ಕೂಡಿ ಎರಡು ಬೀಮ್‌ಲೈನ್ ಕಟ್ಟಿಸಿತು. ಇಂಡಸ್-2ರ ಕ್ಯಾವಿಟಿ ಬಂದ ಊರೂ ಅದೇ ಎನ್ನುವುದನ್ನು ಗಮನಿಸಿ. ಹೋದ ಕಡೆಯಿಂದ ಬಂದು, ಬಂದ ಕಡೆಗೆ ಹೋಗುವ ಈ ಕೊಡುಕೊಳೆ 1974ರಲ್ಲಿ ಯಾರೂ ಊಹಿಸಿದ್ದಲ್ಲ.

ಸಹಕಾರವೆಂದರೆ ಜಗಳ ಮುಗಿದ ಮೇಲೆ ಆಗುವಂಥದ್ದು ಎಂದುಕೊಂಡಿದ್ದ ನಮಗೆ ಜೋರ್ಡಾನಿನ ಸೆಸಮೆ ಯಂತ್ರದ ಕತೆ ಅಚ್ಚರಿ ತಂದಿತು. ಬರ್ಲಿನ್ನಿನಲ್ಲಿ ಕೆಲಸ ಮುಗಿಸಿದ್ದ ಹಳೆಯ ಯಂತ್ರವೊಂದರ ಭಾಗಗಳಿಂದ ಶುರುವಾದ ಕೇಂದ್ರ ಅದು, 2017ರ ಮೇನಲ್ಲಿ ಉದ್ಘಾಟನೆಯಾಯಿತು. ಸದಸ್ಯರ ಪಟ್ಟಿಯಲ್ಲಿ ಇರಾನ್, ಇಸ್ರೇಲ್, ಪ್ಯಾಲೆಸ್ತೀನ್, ಪಾಕಿಸ್ತಾನ ಅಕ್ಕಪಕ್ಕ ಇವೆ. ನಮ್ಮೂರ ಕಡೆ ಹೊಲದ ಬದುವಿಗೆ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಕೊಳವೆಬಾವಿಯ ನೀರು ಹಂಚಿಕೊಳ್ಳುವುದಿಲ್ಲವೆ, ಹಾಗೆ.

ರಾಮಣ್ಣ 2004ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಮರುವರ್ಷ ಡಿಸೆಂಬರಿನಲ್ಲಿ ಇಂದೋರಿನ ಸಂಸ್ಥೆಗೆ ಅವರ ಹೆಸರಿಟ್ಟರು: ರಾಜಾ ರಾಮಣ್ಣ ಸೆಂಟರ್ ಫಾರ್ ಅಡ್ವಾನ್ಸ್ಡ್ ಟೆಕ್ನಾಲಜಿ. ದೇಶದ ಯಾವುದೇ ವಿಶ್ವವಿದ್ಯಾಲಯದ ಸಂಶೋಧಕರು ಅರ್ಜಿ ಹಾಕಿ ಇಂಡಸ್‌ನಲ್ಲಿ ಪ್ರಯೋಗ ಮಾಡಬಹುದು. ತುಮಕೂರು ವಿಶ್ವವಿದ್ಯಾಲಯದವರಿಗೂ ಆ ಬಾಗಿಲು ತೆರೆದಿದೆ.

ಆ ಹುಡುಗಿಯ ಪ್ರಶ್ನೆ ಬಾಕಿ ಇದೆ. 1947ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ, ಯಂತ್ರದೊಳಗೆ ಕಿಡಿ ಹಾರುತ್ತಿದೆಯೇ ಎಂದು ಗೋಡೆ ಮರೆಯಿಂದ ಕನ್ನಡಿ ಹಿಡಿದು ನೋಡಿದ ತಂತ್ರಜ್ಞನಿಗೆ ಕಂಡಿದ್ದು ನೀಲಿ ಮಿಶ್ರಿತ ಬಿಳಿ ಬೆಳಕು. ಅಲ್ಲಿನ ಕೊಳವೆ ಪಾರದರ್ಶಕವಾಗಿತ್ತು, ಹಾಗಾಗಿ ಕಂಡಿತು. ಇಂದೋರಿನಲ್ಲಿ ಕೊಳವೆ ಲೋಹದ್ದು, ಬೇಕಾದ ಬೆಳಕು ಎಕ್ಸ್‌ರೇ, ಕಣ್ಣಿಗೆ ಕಾಣದ್ದು. ಆದರೆ ಅದರ ಜೊತೆಗೆ ಕಾಣುವ ಬೆಳಕೂ ಒಂದಿಷ್ಟು ಹೊರಡುತ್ತದೆ, ಅದನ್ನು ಕ್ಯಾಮೆರಾದಲ್ಲಿ ಹಿಡಿದು ಪರದೆಯ ಮೇಲೆ ನೋಡುತ್ತಾರೆ. ಮುಂದಿನ ಸಲ ಹುಲಿಯೂರುದುರ್ಗಕ್ಕೆ ಹೋದಾಗ ಇದನ್ನು ಅವಳಿಗೆ ಹೇಳಬೇಕು.