ಭೂಸಂಪರ್ಕ ಗದ್ದಲ

ಭೂಸಂಪರ್ಕ ಗದ್ದಲ ಅಥವಾ ಗ್ರೌಂಡ್ ನಾಯ್ಸ್ ಎಂಬುದು ವಿದ್ಯುನ್ಮಾನ ಉಪಕರಣಗಳ ಭೂಸಂಪರ್ಕ ತಂತಿಗಳಲ್ಲಿ ಅನಪೇಕ್ಷಿತ ವಿದ್ಯುತ್ ಪ್ರವಾಹ ಹರಿಯುವುದರಿಂದ ಅಳತೆಯೊಳಗೆ ಬೆರೆಯುವ ಕ್ಷೋಭೆಯಾಗಿದೆ. ಪ್ರಯೋಗಾಲಯಗಳಲ್ಲಿ ಇದಕ್ಕೆ ಅನೇಕ ವೇಳೆ ವಿದ್ಯುತ್ ಪೂರೈಕೆ ಸಾಧನಗಳೇ ಮೂಲವಾಗಿರುತ್ತವೆ. ಚರ್ಮದ ಮೇಲೆ ದೊರೆಯುವ ಹೃದಯದ ವಿದ್ಯುತ್ ಸಂಕೇತ ಸುಮಾರು 1 ಮಿಲಿವೋಲ್ಟ್ ಮಾತ್ರ. ಇಂತಹ ಕ್ಷೀಣ ಸಂಕೇತಗಳನ್ನು ಅಳೆಯುವಾಗ ಗದ್ದಲವನ್ನೇ ಫಲಿತಾಂಶವೆಂದು ಭ್ರಮಿಸುವ ಸಂಭವವಿದೆ.

ಕಾರಣಗಳು

ಮಂಡಲದ ನಕ್ಷೆಯಲ್ಲಿ ಭೂಸಂಪರ್ಕವನ್ನು ಶೂನ್ಯ ವೋಲ್ಟ್ ಎಂದು ಗುರುತಿಸಲಾಗುತ್ತದೆ. ಆದರೆ ನಿಜವಾದ ತಂತಿಗೆ ಅಲ್ಪ ರೋಧ ಇದ್ದೇ ಇರುತ್ತದೆ. ಓಮನ ನಿಯಮದಂತೆ 0.1 ಓಮ್ ರೋಧದ ತಂತಿಯಲ್ಲಿ 10 ಮಿಲಿಆಂಪಿಯರ್ ಪ್ರವಾಹ ಹರಿದರೆ ಅದರ ತುದಿಗಳ ನಡುವೆ 1 ಮಿಲಿವೋಲ್ಟ್ ವಿಭವಾಂತರ ಉಂಟಾಗುತ್ತದೆ.

ಎರಡು ಉಪಕರಣಗಳು ಗೋಡೆಯ ಸಾಕೆಟ್‌ಗಳ ಭೂಸಂಪರ್ಕದಿಂದಲೂ ಸಂಕೇತದ ಕೇಬಲ್‌ನ ಲೋಹಕವಚದಿಂದಲೂ ಜೋಡಣೆಗೊಂಡಾಗ ಮುಚ್ಚಿದ ಸುತ್ತೊಂದು ಏರ್ಪಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು. ಸಮೀಪದ ಟ್ರಾನ್ಸ್‌ಫಾರ್ಮರ್‌ಗಳ ಬದಲಾಗುವ ಕಾಂತಕ್ಷೇತ್ರವು ಈ ಸುತ್ತಿನಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ಸ್ವಿಚ್ ಮೋಡ್ ಪೂರೈಕೆ ಸಾಧನಗಳಲ್ಲಿ ಕೆಪಾಸಿಟರ್‌ಗಳ ಮೂಲಕವೂ ಅಲ್ಪ ಪ್ರವಾಹ ಭೂಸಂಪರ್ಕಕ್ಕೆ ಸೋರುತ್ತದೆ.

ಪತ್ತೆಹಚ್ಚುವ ಕ್ರಮ

ಮೊದಲು ಅಳೆಯುವ ಸಾಧನವನ್ನೇ ಪರೀಕ್ಷಿಸಬೇಕು. ಆಸಿಲೋಸ್ಕೋಪ್‌ನ ಪ್ರೋಬ್‌ನ ಮೊನೆಯನ್ನು ಅದರದೇ ಭೂಸಂಪರ್ಕ ಕ್ಲಿಪ್‌ಗೆ ಸೇರಿಸಿ, ಎರಡನ್ನೂ ಮಂಡಲದ ಭೂಸಂಪರ್ಕ ಬಿಂದುವಿಗೆ ಜೋಡಿಸಿದರೆ ಪರದೆಯ ಮೇಲೆ ಸರಳ ರೇಖೆ ಕಾಣಬೇಕು. ಆಗಲೂ ಗದ್ದಲ ಕಂಡರೆ ಅದು ಪ್ರೋಬ್ ಹಾಗೂ ಕೇಬಲ್‌ಗಳ ಮೂಲಕ ಒಳಬರುತ್ತಿದೆ ಎಂದರ್ಥ.

ಅನಂತರ ಗದ್ದಲದ ಆವೃತ್ತಿಯನ್ನು ಗಮನಿಸಬೇಕು. ಭಾರತದಲ್ಲಿ ಮನೆಬಳಕೆಯ ಪರ್ಯಾಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಜ್. 20 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವ ಅಲೆ ಸಾಮಾನ್ಯವಾಗಿ ಗ್ರೌಂಡ್ ಲೂಪನ್ನು ಸೂಚಿಸುತ್ತದೆ. 10 ಮಿಲಿಸೆಕೆಂಡಿಗೊಮ್ಮೆ, ಅಂದರೆ 100 ಹರ್ಟ್ಜ್‌ನಲ್ಲಿ ಕಾಣುವ ಏರಿಳಿತ ಪೂರ್ಣತರಂಗ ರೆಕ್ಟಿಫೈಯರ್‌ನದಾಗಿರಬಹುದು. ಹತ್ತಾರು ಕಿಲೋಹರ್ಟ್ಜ್ ಅಥವಾ ಅದಕ್ಕೂ ಹೆಚ್ಚಿನ ಆವೃತ್ತಿಯ ಚೂಪಾದ ಮೊನೆಗಳು ಸ್ವಿಚ್ ಮೋಡ್ ಸಾಧನದ ಲಕ್ಷಣ. ಆಸಿಲೋಸ್ಕೋಪ್‌ನ ಟ್ರಿಗರ್ ಅನ್ನು ವಿದ್ಯುತ್ ಜಾಲಕ್ಕೆ ಹೊಂದಿಸಿದಾಗ ಅಲೆ ಪರದೆಯಲ್ಲಿ ಸ್ಥಿರವಾಗಿ ನಿಂತರೆ, ಅದರ ಮೂಲ ಆ ಜಾಲವೇ ಎಂದು ತಿಳಿಯಬಹುದು.

ಕೊನೆಗೆ ಉಪಕರಣಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ಮಂಡಲವನ್ನು ಬ್ಯಾಟರಿಯಿಂದ ನಡೆಸಿದಾಗ, ಅಥವಾ ಅಳತೆಗೆ ಜೋಡಿಸಿದ ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದಾಗ ಗದ್ದಲ ಮಾಯವಾದರೆ ದೋಷದ ಜಾಗ ಬಹುಮಟ್ಟಿಗೆ ಸಿಕ್ಕಂತೆ. ಒಮ್ಮೆಗೆ ಒಂದೇ ಬದಲಾವಣೆ ಮಾಡುವುದು ಇಲ್ಲಿ ಮುಖ್ಯ ನಿಯಮ.

ಪರಿಹಾರಗಳು

* ಎಲ್ಲ ಉಪಕರಣಗಳಿಗೂ ಒಂದೇ ಸಾಕೆಟ್ ಪಟ್ಟಿಯಿಂದ ವಿದ್ಯುತ್ ಪಡೆಯುವುದು.
* ಮಂಡಲದ ಭೂಸಂಪರ್ಕಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವುದು.
* ಜೋಡಿ ತಂತಿಗಳನ್ನು ಹೆಣೆದು, ಸುತ್ತಿನ ವಿಸ್ತೀರ್ಣವನ್ನು ಕುಗ್ಗಿಸುವುದು.
* ಎರಡು ಬಿಂದುಗಳ ವ್ಯತ್ಯಾಸವನ್ನಷ್ಟೇ ವರ್ಧಿಸುವ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಬಳಸುವುದು.
* ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್‌ನಿಂದ ಮಂಡಲಗಳನ್ನು ಪ್ರತ್ಯೇಕಿಸುವುದು.

ಸುರಕ್ಷತೆ

ಗದ್ದಲ ನಿಲ್ಲಿಸಲೆಂದು ಮೂರು ಪಿನ್‌ಗಳ ಪ್ಲಗ್‌ನ ಭೂಸಂಪರ್ಕ ಪಿನ್ನನ್ನು ಕತ್ತರಿಸುವ ಅಥವಾ ಆ ತಂತಿಯನ್ನು ಬಿಡಿಸುವ ರೂಢಿ ಕೆಲವೆಡೆ ಕಂಡುಬರುತ್ತದೆ. ಇದು ಪ್ರಾಣಾಪಾಯಕಾರಿ. ಉಪಕರಣದೊಳಗೆ ಸಜೀವ ತಂತಿ ಲೋಹದ ಹೊರಕವಚಕ್ಕೆ ತಗುಲಿದಾಗ ಪ್ರವಾಹವನ್ನು ಭೂಮಿಗೆ ಹರಿಸಿ ಫ್ಯೂಸ್ ಕರಗುವಂತೆ ಮಾಡುವುದು ಈ ತಂತಿಯೇ. ಅದಿಲ್ಲದಿದ್ದರೆ ಕವಚವನ್ನು ಮುಟ್ಟಿದವರ ದೇಹದ ಮೂಲಕ ಪ್ರವಾಹ ಹರಿಯುತ್ತದೆ. ಆದ್ದರಿಂದ ಗ್ರೌಂಡ್ ಲೂಪನ್ನು ತುಂಡರಿಸಬೇಕಾದುದು ಸಂಕೇತದ ದಾರಿಯಲ್ಲಿಯೇ ಹೊರತು ರಕ್ಷಣೆಯ ದಾರಿಯಲ್ಲಿ ಅಲ್ಲ.